ಕತ್ತರಿ ಮುಟ್ಟದ ಬಟ್ಟೆ

ಪೆಟ್ಟಿಗೆಯ ತಳಕ್ಕೆ ಹಾಸಿದ್ದ ಹಳೆಯ ಪತ್ರಿಕೆಯ ಹಾಳೆಯನ್ನೂ ನೆರಿಮಾನ್ ಉಗುರಿನಿಂದ ಕೆರೆದು ಎತ್ತಿದಳು. ಅದರಡಿ ಬರೀ ಹಲಗೆ. ಹಲಗೆಯ ಸಂದಿನಲ್ಲಿ ಪುಡಿಯಾದ ಆಕ್ರೋಟದ ಎಲೆ, ಒಂದು ಗುಂಡಿ, ನುಸಿ ತಿಂದ ಉಣ್ಣೆಯ ಎಳೆ.

"ಇಲ್ಲ," ಅಂದಳು.

"ಮತ್ತೊಂದ್ಸಲ ನೋಡು," ಅಂದಳು ಗುಲ್ಸುಮಜ್ಜಿ, ಕೂತಲ್ಲಿಂದಲೇ. ಊರಲ್ಲಿ ಸತ್ತ ಹೆಂಗಸರ ಮೈ ತೊಳೆಯುವವಳು ಅವಳೇ. ತೋಳು ಮೇಲೇರಿಸಿಕೊಂಡು ಒಲೆಯ ಮೇಲಿನ ಹಂಡೆ ಬಿಸಿಯಾಗುವುದನ್ನು ಕಾಯುತ್ತಿದ್ದಳು.

"ಮೂರು ಸಲ ನೋಡಿದ್ದಾಯ್ತು ಅಜ್ಜಿ. ಇನ್ನು ನಾನೇ ಪೆಟ್ಟಿಗೆ ಒಳಗೆ ಇಳೀಬೇಕು ಅಷ್ಟೆ."

"ಇಳಿ. ನಿಮ್ಮವ್ವ ಎತ್ತಿಟ್ಟ ಸಾಮಾನು ಯಾರಿಗೆ ಸಿಕ್ಕಿತ್ತು ಹೇಳು. ನಿಮ್ಮಪ್ಪನ ಹಲ್ಲಿನ ಸೆಟ್ಟು ಕಾಳಿನ ಗಡಿಗೇಲಿ ಇಟ್ಟು ಮರೆತು, ಪಾಪ ಆ ಮನುಷ್ಯ ಒಂದು ವಾರ ಗಂಜಿ ಕುಡಿದ."

ನೆರಿಮಾನಳಿಗೆ ನಗು ಬಂತು. ಮಂಚದ ಕಡೆ ನೋಡಿ ಪೆಟ್ಟಿಗೆಯ ಮುಚ್ಚಳ ಇಳಿಸಿದಳು.

ಅವಳ ಅವ್ವ ಹುಸ್ನಿಯೆ ಕಿಟಕಿಯ ಕೆಳಗಿನ ಮಂಚದ ಮೇಲೆ ಮಲಗಿದ್ದಳು. ದವಡೆಗೆ ಬಟ್ಟೆ ಕಟ್ಟಿತ್ತು. ಹೊಟ್ಟೆ ಉಬ್ಬದಿರಲೆಂದು ಅದರ ಮೇಲೆ ಗುಲ್ಸುಮಜ್ಜಿ ಒಂದು ಚಾಕು ಇಟ್ಟಿದ್ದಳು. ಎಪ್ಪತ್ತೊಂದು ವರ್ಷ. ಬೆಳಗಿನ ಜಾವ ಎದ್ದು, ಎಂದಿನಂತೆ ಹುಳಿ ಬೆರೆಸಿ ರೊಟ್ಟಿಯ ಹಿಟ್ಟು ನಾದಿ, ಮರಿಗೆಯ ಮೇಲೆ ಬಟ್ಟೆ ಹೊದಿಸಿ, ಅಂಚುಗಳನ್ನು ಸುತ್ತಲೂ ಒತ್ತಿ ಸೇರಿಸಿ, ಕೈ ತೊಳೆಯಲು ಹೋದವಳು ನೀರಿನ ತೊಟ್ಟಿಯ ಪಕ್ಕದಲ್ಲೇ ಕುಸಿದಿದ್ದಳು. ಕೆಳಗಿನ ಓಣಿಯಿಂದ ನೆರಿಮಾನ್ ಹಾಲು ತಂದಾಗ ಅವ್ವನ ಬೆರಳ ಸಂದಿಯ ಹಿಟ್ಟು ಇನ್ನೂ ಹಸಿಯಾಗಿತ್ತು.

ಆ ಹಿಟ್ಟು ಈಗ ಒಲೆಯ ಮಗ್ಗುಲಲ್ಲಿ, ಮರದ ಮರಿಗೆಯೊಳಗೆ, ಕೆಂಪು ಕಪ್ಪು ಪಟ್ಟೆಯ ಉಣ್ಣೆಯ ಹೊದಿಕೆಯ ಕೆಳಗೆ ಉಬ್ಬುತ್ತಿತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ. ಹೊದಿಸಿದ ಹಿಟ್ಟನ್ನು ಹೊದಿಸಿದವಳೇ ತೆಗೆಯಬೇಕು. ನಡುವೆ ಯಾರಾದರೂ ಇಣುಕಿದರೆ ಕಣ್ಣು ತಾಗಿ ಇಳಿದುಹೋಗುತ್ತದೆ. ಬಲ್ಗೇರಿಯದ ಈ ಬೆಟ್ಟದ ಸೀಮೆಯಲ್ಲಿ ಬಸುರಿಯ ಹೊಟ್ಟೆ ಸವರಿ ನೋಡುವವರಿದ್ದರು, ಉಬ್ಬುವ ಹಿಟ್ಟನ್ನು ಇಣುಕಿ ನೋಡುವವರಿರಲಿಲ್ಲ.

ಅವರು ಹುಡುಕುತ್ತಿದ್ದದ್ದು ಹುಸ್ನಿಯೆಯ ಕಫನ್, ಹೆಣಕ್ಕೆ ಸುತ್ತುವ ಬಟ್ಟೆ. ಹನ್ನೊಂದು ವರ್ಷದ ಹಿಂದೆ ಗಂಡ ಇಸ್ಮೆತ್ ತೀರಿಕೊಂಡ ಚಳಿಗಾಲದಲ್ಲಿ ಅವಳೇ ಮಗ್ಗದ ಮೇಲೆ ಕೂತು ನೇಯ್ದ ಬಿಳಿ ಹತ್ತಿಯ ಬಟ್ಟೆ. ಐದು ತುಂಡು. ಆಗ ಮಗಳನ್ನು ಕೂರಿಸಿಕೊಂಡು ಒಂದೇ ಮಾತು ಹೇಳಿದ್ದಳು: "ಅಂಗಡಿಯ ಹೂವಿನ ಚಿತ್ರದ ಚಾದರ ಸುತ್ತಿ ನನ್ನ ಕಳಿಸಬೇಡ. ಹೊಗೆಸೊಪ್ಪು ಬೆಳೆದೆ, ಅದು ಸರ್ಕಾರದ್ದು. ನೆಲ ಉತ್ತೆ, ಅದು ಸರ್ಕಾರದ್ದು. ಇದೊಂದು ನನ್ನದು."

ಬೆಳಿಗ್ಗೆ ಸಾವು ತಿಳಿಸಲು ಹೋದ ಪಕ್ಕದ ಮನೆಯ ಶಾಬಾನನಿಗೆ ಊರ ಕಚೇರಿಯಲ್ಲಿ ಎಲ್ಲವನ್ನೂ ವಿವರಿಸಿ ಕಳಿಸಿದ್ದರು. ಮೈ ತೊಳೆಯುವಂತಿಲ್ಲ. ಕಫನ್ ಸುತ್ತುವಂತಿಲ್ಲ. ಹೆಣಕ್ಕೆ ನಾಗರಿಕ ಉಡುಪು ತೊಡಿಸಿರಬೇಕು. ಒಂದು ಗಂಟೆಗೆ ಕಚೇರಿಯವರೇ ಶವಪೆಟ್ಟಿಗೆ ತಂದು, ಪರೀಕ್ಷಿಸಿ, ಹೊಳೆಯಾಚೆಯ ಹೊಸ ಸ್ಮಶಾನಕ್ಕೆ ಸಾಗಿಸುತ್ತಾರೆ. ಬದುಕಿದ್ದಾಗ ಈ ಓಣಿಗೆ ಒಂದು ನಲ್ಲಿ ಹಾಕಿಸದ ಕಚೇರಿ ಸತ್ತವರ ವಿಷಯದಲ್ಲಿ ಇಷ್ಟು ಚುರುಕಾಗಿತ್ತು.

ಗಡಿಯಾರದಲ್ಲಿ ಒಂಬತ್ತೂವರೆ.

"ಅಟ್ಟ ನೋಡ್ತೀನಿ," ಅಂದಳು ನೆರಿಮಾನ್.

"ಚಪ್ಪಲಿ ಹಾಕ್ಕೊಂಡು ಹತ್ತು. ಮೊಳೆಗಳಿವೆ."

•

ಅದಕ್ಕೆ ಹಿಂದಿನ ವರ್ಷ, ಜನವರಿಯ ಒಂದು ಬೆಳಿಗ್ಗೆ, ಊರಿನ ಜನ ಎದ್ದಾಗ ರಸ್ತೆಯ ಎರಡೂ ತುದಿಗೆ ಸೈನ್ಯದ ಲಾರಿಗಳು ನಿಂತಿದ್ದವು. ಹಿಮದ ಮೇಲೆ ನಾಯಿಗಳ ಹೆಜ್ಜೆ. ಮನೆಮನೆಗೆ ಬಂದು ಎಬ್ಬಿಸಿ ಎಲ್ಲರನ್ನೂ ಶಾಲೆಗೆ ನಡೆಸಿದರು. ಅಲ್ಲಿ ಮಕ್ಕಳ ಮೇಜಿನ ಹಿಂದೆ ಕಚೇರಿಯ ಕಾರ್ಯದರ್ಶಿ ವೆಲಿಚ್ಕಾ ಕೂತಿದ್ದಳು. ಮುಂದೆ ಟೈಪು ಮಾಡಿದ ಪಟ್ಟಿ. ಈ ದೇಶದಲ್ಲಿ ತುರ್ಕರೆಂಬುವರೇ ಇಲ್ಲ, ಇರುವವರೆಲ್ಲ ಬಲ್ಗೇರಿಯನ್ನರು, ಹೆಸರು ಮಾತ್ರ ಎಲ್ಲೋ ತಪ್ಪಿದೆ, ತಿದ್ದಬೇಕು ಅಷ್ಟೆ ಎಂದು ಮೇಲಿನವರಿಗೆ ಹೊಳೆದಿತ್ತು.

ವೆಲಿಚ್ಕಾ ಕೆಳಗಿನೂರಿನ ಬಲ್ಗೇರಿಯನ್ ಮನೆಯ ಹೆಣ್ಣು. ಮದುವೆಯಾದ ಹೊಸತರಲ್ಲಿ ಅವಳ ಹಿಟ್ಟು ಉಬ್ಬದೆ ಅತ್ತೆಯ ಕೈಲಿ ಬೈಸಿಕೊಂಡು, ಅಳುತ್ತ ಹುಸ್ನಿಯೆಯ ಬಳಿ ಹುಳಿಹಿಟ್ಟು ಬೇಡಿ ಒಯ್ದಿದ್ದಳು. ಹೊದಿಸುವುದು ಹೇಗೆಂದು ಹೇಳಿಕೊಟ್ಟವಳೂ ಹುಸ್ನಿಯೆಯೇ. ಕಾಲು ಮುಚ್ಚದೆ ಮಗುವನ್ನು ಮಲಗಿಸ್ತೀಯಾ, ಹಾಗೇ ಅಂಚು ಸೇರಿಸು ಅಂದಿದ್ದಳಂತೆ.

ಸರದಿಯಲ್ಲಿ ಅಮ್ಮ ಮಗಳು ಹಿಂದೆ ಮುಂದೆ ನಿಂತಿದ್ದರು.

"ಹೆಸರು ಆರಿಸ್ಕೊಳ್ಳಿ ಹುಸ್ನಿಯೆ ಅಕ್ಕ," ಅಂದಳು ವೆಲಿಚ್ಕಾ, ತಲೆ ಎತ್ತದೆ.

"ನನಗೆ ಒಂದಿದೆ. ಈಗ ನೀನೇ ಕರೆದೆಯಲ್ಲ."

"ಅದು ಪಟ್ಟೀಲಿಲ್ಲ."

"ಹಾಗಾದ್ರೆ ನಿನಗೆ ತೋಚಿದ್ದು ಬರ್ಕೊ ತಾಯಿ, ಬೇಗ ಬರಿ. ಮನೇಲಿ ಹಿಟ್ಟು ಹೊದಿಸಿ ಬಂದಿದೀನಿ."

ಹಿಂದೆ ನಿಂತ ಒಂದಿಬ್ಬರು ನಕ್ಕರು. ಪೊಲೀಸಿನವನು ತಿರುಗಿ ನೋಡಿದಾಗ ನಿಲ್ಲಿಸಿದರು. ವೆಲಿಚ್ಕಾ ಬರೆದಳು: ಹ್ರಿಸ್ತಿನಾ. ನೆರಿಮಾನ್ ಹೋಗಿ ನೆವೆನಾ ಆದಳು. ಆಮೇಲೆ ಕಾಗದಗಳಿಗೆ ಮೊಹರು ಬೀಳುವವರೆಗೆ ಯಾರನ್ನೂ ಹೊರಗೆ ಬಿಡಲಿಲ್ಲ. ಮೊಹರು ಬಂದದ್ದು ಸಂಜೆಗೆ.

ಮನೆಗೆ ಬಂದಾಗ ಹಿಟ್ಟು ಉಕ್ಕಿ, ಇಳಿದು, ನೀರುನೀರಾಗಿ ಹೆಂಡದ ಹಾಗೆ ನಾರುತ್ತಿತ್ತು. ನೆರಿಮಾನ್ ಅದನ್ನು ಕೋಳಿಗಳಿಗೆ ಹಾಕಲು ಹೊರಟಳು. ಹುಸ್ನಿಯೆ ಬಿಡಲಿಲ್ಲ. ಅದನ್ನೇ ತಟ್ಟಿ ಬೇಯಿಸಿ ಎಲ್ಲರ ಮುಂದೂ ಇಟ್ಟಳು. ಆ ಚಳಿಗಾಲ ಮನೆಯಲ್ಲೇ ಇದ್ದ ನೆರಿಮಾನಳ ಮಗಳು ಒಂದು ತುತ್ತು ಕಚ್ಚಿ ಮುಖ ಕಿವುಚಿದಳು.

"ಉಗೀಬೇಡ. ನುಂಗು," ಅಂದಳು ಹುಸ್ನಿಯೆ. "ಮುಂದೆ ಯಾರಾದ್ರೂ ಈ ದಿನ ಹೇಗಿತ್ತು ಅಂತ ಕೇಳಿದ್ರೆ ನಿನಗೆ ಗೊತ್ತಿರಬೇಕು."

•

ಅಟ್ಟದಲ್ಲಿ ಹೊಗೆಸೊಪ್ಪು ಪೋಣಿಸುವ ಸೂಜಿಗಳ ಕಟ್ಟು ಸಿಕ್ಕಿತು, ಇಸ್ಮೆತನ ಊರುಗೋಲು ಸಿಕ್ಕಿತು, ಮುರಿದ ಮಗ್ಗದ ಹಲಗೆ ಸಿಕ್ಕಿತು. ಕಫನ್ ಸಿಗಲಿಲ್ಲ. ಹಾಸಿಗೆಯ ಹೊಲಿಗೆ ಬಿಚ್ಚಿದರು. ಹಿಟ್ಟಿನ ಪೀಪಾಯಿಗೆ ಮೊಣಕೈವರೆಗೆ ಕೈ ಇಳಿಸಿ ಕಲಕಿದರು. ಕೋಳಿಗೂಡಿನ ಹುಲ್ಲನ್ನೂ ಎತ್ತಿ ಕೊಡವಿದ್ದಾಯಿತು. ಹನ್ನೊಂದು ಹೊಡೆಯಿತು.

ಶಾಬಾನ್ ಬಾಗಿಲಲ್ಲಿ ಬಂದು ನಿಂತ. ಬೂಟಿಗೆ ಹಸಿ ಮಣ್ಣು ಮೆತ್ತಿತ್ತು.

"ಗುಂಡಿ ಆಯ್ತು," ಅಂದ. "ಪೊಲೀಸ್ ಸಾರ್ಜೆಂಟ್ ಪಕ್ಕದಲ್ಲೇ ನಿಂತು ಹಗ್ಗ ಹಿಡಿದು ಅಳೆದ. ಇಷ್ಟುದ್ದ, ಇಷ್ಟಗಲ. ಯಾವ ದಿಕ್ಕಿಗೆ ಮುಖ ಮಾಡಬಾರದು ಅಂತಾನೂ ಹೇಳಿದ."

"ಅಪ್ಪನ ಪಕ್ಕದಲ್ಲಿ ಆಗಲ್ವಾ ಶಾಬಾನಣ್ಣ?"

"ಹಳೇ ಸ್ಮಶಾನಕ್ಕೆ ಬೀಗ ಬಿದ್ದು ಆರು ತಿಂಗಳಾಯ್ತಲ್ಲಮ್ಮ. ನಿಮ್ಮಪ್ಪನ ಕಲ್ಲಿನ ಮೇಲೆ ಸಿಮೆಂಟು ಬಳಿದಿದಾರೆ. ಅಲ್ಲಿ ಮಲಗಿರೋರು ಯಾರು ಅಂತ ಅವರಿಗೇ ನೆನಪಿರಬೇಕು." ಅವನು ತಲೆಬಾಗಿಲನ್ನು ಹಿಡಿದು ಒಳಗೆ ನೋಡಿದ. "ಸಿಕ್ತಾ?"

ನೆರಿಮಾನ್ ಹೊಲಿಗೆ ಬಿಚ್ಚಿದ ಹಾಸಿಗೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು.

"ನಮ್ಮ ಮನೇಲಿ ಚಾದರ ಇದೆ. ಬಿಳೀದೇ. ಒಂದು ಮೂಲೇಲಿ ಹೊಗೆಸೊಪ್ಪು ಮಂಡಳಿ ಮುದ್ರೆ ಇದೆ ಅಷ್ಟೆ."

"ಮುದ್ರೆ ಹೊತ್ಕೊಂಡು ಹೋಗ್ಲಿ ಅಂತೀಯಾ," ಅಂದಳು ಗುಲ್ಸುಮಜ್ಜಿ. "ಮೇಲೆ ಕೇಳಿದ್ರೆ ಏನು ಹೇಳ್ತಾಳೆ, ಗೋದಾಮಿನಿಂದ ಬಂದೆ ಅಂತಾನಾ? ಹೋಗಿ ಗೇಟಿನ ಹತ್ರ ನಿಲ್ಲು. ಜೀಪು ಕಂಡ್ರೆ ಕೆಮ್ಮು."

ಅವನು ಹೋದ. ನೆರಿಮಾನ್ ಒಲೆಯ ಮುಂದೆ ಕುಸಿದು ಕೂತಳು. ಕೈಗಳೆರಡೂ ಮೊಣಕೈವರೆಗೆ ಹಿಟ್ಟಿನ ಪುಡಿ ಮೆತ್ತಿ ಬೆಳ್ಳಗಿದ್ದವು.

"ಕೇಳಿದ್ದು ಒಂದೇ ಅಜ್ಜಿ. ಇಡೀ ಜನ್ಮದಲ್ಲಿ ನನ್ನ ಹತ್ರ ಅವಳು ಕೇಳಿದ್ದು ಅದೊಂದೇ."

ಗುಲ್ಸುಮಜ್ಜಿ ಸಮಾಧಾನ ಹೇಳುವ ಜಾತಿಯವಳಲ್ಲ. ಹಂಡೆಯ ನೀರಿಗೆ ಬೆರಳದ್ದಿ ನೋಡಿ, "ಹದಕ್ಕೆ ಬಂತು," ಅಂದಳು. ಆಮೇಲೆ, "ನಿನ್ನ ಮಗ್ಗುಲಲ್ಲಿ ಹಿಟ್ಟು ಉಕ್ತಿದೆ," ಅಂದಳು.

ಹಂಡೆಯ ಕಾವಿಗೆ ಹಿಟ್ಟು ಬೇಗ ಏರಿತ್ತು. ಉಣ್ಣೆಯ ಹೊದಿಕೆ ಮಧ್ಯದಲ್ಲಿ ಗುಡ್ಡದಂತೆ ಎದ್ದಿತ್ತು. ಒಂದು ಬದಿಯಲ್ಲಿ ಹಿಟ್ಟು ಅಂಚನ್ನು ತಳ್ಳಿ, ಮರಿಗೆಯಿಂದಾಚೆ ನಾಲಿಗೆ ಚಾಚಿತ್ತು. ನೆರಿಮಾನ್ ಯೋಚಿಸಲಿಲ್ಲ. ಕೈ ತಾನಾಗಿ ಹೋಗಿ ಹೊದಿಕೆಯ ಆ ಮೂಲೆಯನ್ನು ಎತ್ತಿತು. ಎತ್ತಿದ ಮೇಲೆ ಹೆದರಿ ನಿಂತಿತು.

ಉಣ್ಣೆಯ ಕೆಳಗೆ ಬಿಳಿ ಬಟ್ಟೆ. ಅದಿರುವುದು ಹೊಸದೇನಲ್ಲ, ಎಲ್ಲರ ಮನೆಯಲ್ಲೂ ಹಿಟ್ಟಿಗೆ ಮೊದಲು ಬಿಳಿ ಬಟ್ಟೆಯನ್ನೇ ಹಾಕುತ್ತಾರೆ. ಆದರೆ ಇದು ದಪ್ಪವಾಗಿತ್ತು. ಮಡಿಕೆಯ ಮೇಲೆ ಮಡಿಕೆ, ಹತ್ತು ಹನ್ನೆರಡು ಪದರ. ಅಂಚಿನಲ್ಲಿ ಹೊಲಿಗೆ ಇರಲಿಲ್ಲ. ಎಳೆಗಳು ಬಿಚ್ಚಿಕೊಂಡು ಜೋಲುತ್ತಿದ್ದವು. ಕರವಸ್ತ್ರಕ್ಕೂ ಅಂಚು ಹೊಲಿಯದೆ ಬಿಡದ ಹೆಂಗಸಿನ ಮನೆಯಲ್ಲಿ.

"ಅಜ್ಜಿ," ಅಂದಳು.

ಗುಲ್ಸುಮಜ್ಜಿ ಮಂಡಿಯೂರಿ ಬಂದು ಅಂಚನ್ನು ಹೆಬ್ಬೆರಳಿಂದ ಸವರಿದಳು. ಅರವತ್ತು ವರ್ಷ ಅವಳ ಬೆರಳು ಸವರಿದ್ದು ಇಂಥ ಅಂಚುಗಳನ್ನೇ. ಕಫನಿಗೆ ಕತ್ತರಿ ಮುಟ್ಟಿಸುವುದಿಲ್ಲ, ಹಲ್ಲಲ್ಲಿ ಕಚ್ಚಿ ಕೈಯಲ್ಲಿ ಹರಿಯುತ್ತಾರೆ. ಸೂಜಿ ಹಾಕುವುದಿಲ್ಲ, ಗಂಟು ಹಾಕುವುದಿಲ್ಲ.

"ಹರಿದದ್ದು," ಅಂದಳು ಮೆಲ್ಲಗೆ. "ನಾನೇ ಒಂದು ತುದಿ ಹಿಡಿದಿದ್ದೆ." ಮಂಚದ ಕಡೆ ತಿರುಗಿ, "ಹಾದರಗಿತ್ತಿ, ನನಗೂ ಹೇಳ್ಲಿಲ್ಲವಲ್ಲೇ," ಅಂದಳು. ಅವಳ ಕಣ್ಣು ತುಂಬಿದ್ದು ಆ ದಿನ ಆಗ ಒಮ್ಮೆ ಮಾತ್ರ.

•

ಹೆಸರು ಬದಲಾದ ಮೇಲೆ ಮಾರ್ಚಿನಲ್ಲಿ ಪೆಟ್ಟಿಗೆಗಳ ಸರದಿ ಬಂದಿತ್ತು. ಮುದುಕಿಯರ ಪೆಟ್ಟಿಗೆ ತೆರೆಸಿ, ಸಲ್ವಾರು, ತಲೆವಸ್ತ್ರ, ಜಪಮಾಲೆ, ಕಫನ್ ಎಲ್ಲವನ್ನೂ ಹೊರಗೆ ಹಾಕಿಸಿ, ಗೋಣಿಯಲ್ಲಿ ತುಂಬಿ ಕಚೇರಿಗೆ ಒಯ್ದರು. ಸಾಯುವ ಮೊದಲೇ ಸಾವಿನ ಬಟ್ಟೆ ಸಿದ್ಧಮಾಡಿಕೊಳ್ಳುವುದು ಹಿಂದುಳಿದವರ ರೋಗವೆಂದು ಶಾಲೆಯ ಗೋಡೆಗೆ ಕಾಗದ ಅಂಟಿಸಿದರು. ಗುಲ್ಸುಮಜ್ಜಿಯ ಕಫನೂ ಆ ಗೋಣಿಗೆ ಹೋಯಿತು. ಮೇ ತಿಂಗಳ ಹಬ್ಬಕ್ಕೆ ಕಚೇರಿಯಲ್ಲಿ ಅಧಿಕಾರಿಗಳಿಗೆ ಊಟವಾಯಿತು. ಅಡುಗೆಗೆ ಹೋದ ಹೆಂಗಸರು ಬಂದು ಹೇಳಿದರು, ಉದ್ದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದ್ದಾರೆ, ಅಂಚಿಗೆ ಹೊಲಿಗೆಯಿಲ್ಲ ಎಂದು. ಅದರ ಮೇಲೆ ವೈನು ಚೆಲ್ಲಿತ್ತಂತೆ. ಗುಲ್ಸುಮಜ್ಜಿ ಮೂರು ದಿನ ಯಾರ ಮನೆಯ ಜಗಲಿಗೂ ಬರಲಿಲ್ಲ.

ಹುಸ್ನಿಯೆಯ ಪೆಟ್ಟಿಗೆಯಲ್ಲಿ ಅವರಿಗೆ ಏನೂ ಸಿಗಲಿಲ್ಲ. ಸಾರ್ಜೆಂಟ್ ಮನೆಯೆಲ್ಲ ತಡಕಿ ಕೊನೆಗೆ ಒಲೆಯ ಬಳಿ ಬಂದ. ಮರಿಗೆಯ ಕಡೆ ಕೈ ಚಾಚಿದ. ನೆರಿಮಾನ್ ಅಲ್ಲೇ ಇದ್ದಳು, ಆಗ ಅವಳಿಗೆ ಅದರ ಅರ್ಥ ತಿಳಿದಿರಲಿಲ್ಲ. ಅವ್ವ ಅವನ ಮುಂಗೈಗೆ ಫಟ್ಟನೆ ಹೊಡೆದಿದ್ದಳು.

"ಕೈ ತೊಳೆದಿದೀಯಾ?"

"ಏನು?"

"ಕೋವಿ ಹಿಡಿದ ಕೈ, ಊರಿನವರ ಒಳಬಟ್ಟೆ ಎಲ್ಲ ಹೊರಳಿಸಿ ನೋಡಿದ ಕೈ. ತಿನ್ನೋ ಹಿಟ್ಟಿಗೆ ಹಾಕ್ತೀಯಾ? ನಿಮ್ಮಮ್ಮ ನಿನಗೆ ಇಷ್ಟೂ ಕಲಿಸಿಲ್ವಾ? ಅಗೋ ತೊಟ್ಟಿ. ಹೋಗಿ ತೊಳ್ಕೊಂಡು ಬಾ, ಆಮೇಲೆ ನೋಡುವಂತೆ."

ಸಾರ್ಜೆಂಟ್ ಕೆಂಪಾಗಿ ನಿಂತ. ನಲವತ್ತು ದಾಟಿದ ಗಂಡಸು. ಅವನ ಮನೆಯಲ್ಲೂ ಒಬ್ಬಳು ತಾಯಿ, ಒಂದು ಮರಿಗೆ ಇದ್ದಿರಬೇಕು. ಏನೋ ಗೊಣಗಿ ಹೊರಟುಹೋದ. ಹುಸ್ನಿಯೆ ಹೊದಿಕೆಯ ಅಂಚನ್ನು ಮತ್ತೆ ಒತ್ತಿ ಸರಿಮಾಡಿದಳು. ಅವ್ವನಿಗೆ ಬರೀ ಸಿಟ್ಟು ಬಂದಿದೆ ಎಂದು ನೆರಿಮಾನ್ ತಿಳಿದಿದ್ದಳು.

ಅಲ್ಲಿಂದ ಒಂದು ವರ್ಷ, ವಾರಕ್ಕೆರಡು ಸಲ, ಆ ಬಟ್ಟೆ ಎಲ್ಲರ ಕಣ್ಣೆದುರು ಹಿಟ್ಟಿನ ಮೇಲೆ ಬಿದ್ದಿತ್ತು.

•

ಬಟ್ಟೆ ಬಿಚ್ಚಿ ಹರವಿದಾಗ ಒಳಪದರಕ್ಕೆ ಹಿಟ್ಟು ಅಂಟಿತ್ತು. ನೆರಿಮಾನ್ ಉಗುರಿನಿಂದ ಬಿಡಿಸಲು ನೋಡಿದಳು, ಹಿಟ್ಟು ಎಳೆಎಳೆಯಾಗಿ ಬರುತ್ತಿತ್ತು.

"ಬಿಡು," ಅಂದಳು ಗುಲ್ಸುಮಜ್ಜಿ. "ಹಿಟ್ಟೇನು ಹೊಲಸಲ್ಲ. ಅವಳೇ ನಾದಿದ್ದು, ಅವಳಿಗೇ ಅಂಟಲಿ. ನೀರು ಸುರಿ."

ಬಾಗಿಲಿಗೆ ಅಗುಳಿ ಹಾಕಿ ಇಬ್ಬರೂ ಮೈ ತೊಳೆದರು. ಗುಲ್ಸುಮಜ್ಜಿಯ ತುಟಿ ಮಾತ್ರ ಆಡುತ್ತಿತ್ತು, ಪ್ರಾರ್ಥನೆ ಹೊರಗೆ ಕೇಳುತ್ತಿರಲಿಲ್ಲ. ಐದು ತುಂಡನ್ನೂ ಕ್ರಮವಾಗಿ ಸುತ್ತಿದರು. ಆಮೇಲೆ ಅದರ ಮೇಲೆ ಕಚೇರಿಯವರು ಕೇಳಿದ ನಾಗರಿಕ ಉಡುಪು: ನೀಲಿ ಲಂಗ, ಉದ್ದ ಕಾಲುಚೀಲ, ಕತ್ತಿನವರೆಗೆ ಗುಂಡಿಯಿರುವ ಕಪ್ಪು ಕೋಟು. ಮುಖ ಮಾತ್ರ ತೆರೆದಿಟ್ಟರು. ಕೋಟು ಬಿಗಿಯಾಗಿ, ಕೊನೆಯ ಗುಂಡಿ ಹಾಕಲು ನೆರಿಮಾನ್ ಮಂಡಿಯೂರಿ ಎಳೆಯಬೇಕಾಯಿತು.

"ಮೇಲೆ ಸರ್ಕಾರ, ಒಳಗೆ ನಾವು," ಅಂದಳು ಗುಲ್ಸುಮಜ್ಜಿ. "ಸತ್ತ ಮೇಲೆ ದಪ್ಪ ಆದಳು ನಿಮ್ಮವ್ವ."

ಹಿಟ್ಟು ಬಳಿದುಕೊಂಡಿದ್ದ ಉಣ್ಣೆಯ ಹೊದಿಕೆಯನ್ನು ನೆರಿಮಾನ್ ನೀರಿನ ತೊಟ್ಟಿಯೊಳಗೆ ಅದ್ದಿದಳು. ನೆಲ ಒರೆಸಿದಳು. ಹಂಡೆ ಬೋರಲು ಹಾಕಿದಳು. ಹೊರಗೆ ಶಾಬಾನ್ ಕೆಮ್ಮಿದ.

ಶವಪೆಟ್ಟಿಗೆ ಹೊತ್ತ ಇಬ್ಬರ ಹಿಂದೆ ಸಾರ್ಜೆಂಟ್ ಬಂದ, ಅವನ ಹಿಂದೆ ಕಾಗದದ ಚೀಲ ಹಿಡಿದ ವೆಲಿಚ್ಕಾ. ಬೂದು ಬಣ್ಣದ ಉಣ್ಣೆಯ ಶಾಲು ಹೊದ್ದಿದ್ದಳು. ಸಾರ್ಜೆಂಟ್ ಮೂಸಿ ನೋಡಿದ.

"ನೆಲ ಒದ್ದೆಯಿದೆ."

"ಸತ್ತ ಮನೆ," ಅಂದಳು ಗುಲ್ಸುಮಜ್ಜಿ. "ಜನ ಬರ್ತಾರೆ ಅಂತ ತೊಳೆದ್ವಿ. ನಿಮ್ಮ ಮನೇಲಿ ತೊಳೆಯಲ್ವಾ?"

"ಬಲ್ಗೇರಿಯನ್ನಿನಲ್ಲಿ ಮಾತಾಡಜ್ಜಿ."

"ಬಲ್ಗೇರಿಯನ್ನಿನಲ್ಲೂ ಒದ್ದೇನೇ."

ಅವನು ಅವಳನ್ನು ಬಿಟ್ಟು ಮಂಚದ ಕಡೆ ನೋಡಿದ. "ಕೋಟಿನ ಗುಂಡಿ ಬಿಚ್ಚಿ. ಒಳಗೆ ನೋಡಬೇಕು." ಆಮೇಲೆ ಅವನಿಗೇ ಮುಜುಗರವಾಗಿ, "ಕಾಮ್ರೇಡ್ ಕಾರ್ಯದರ್ಶಿ, ಹೆಂಗಸು. ನೀವೇ ನೋಡಿ," ಅಂದು ಕಿಟಕಿಯತ್ತ ತಿರುಗಿ ನಿಂತ.

ವೆಲಿಚ್ಕಾ ಮುಂದೆ ಬಂದಳು. ಹುಸ್ನಿಯೆಯ ಮುಖವನ್ನು ನೋಡಲಿಲ್ಲ. ಮೇಲಿನ ಗುಂಡಿಗೆ ಬೆರಳು ಇಟ್ಟಳು. ಬಟ್ಟೆ ಎಷ್ಟು ಬಿಗಿಯಾಗಿದೆಯೆಂದು ಬೆರಳಿಗೇ ತಿಳಿದಿರಬೇಕು. ಕತ್ತೆತ್ತಿದಾಗ ಅವಳ ಕಣ್ಣು ಒಲೆಯ ಮಗ್ಗುಲಿಗೆ ಹೋಯಿತು.

ಮರಿಗೆ ತೆರೆದು ಬಿದ್ದಿತ್ತು. ಗಡಿಬಿಡಿಯಲ್ಲಿ ಇಬ್ಬರಿಗೂ ಅದರ ಮೇಲೆ ಒಂದು ಚಿಂದಿ ಹಾಕಲೂ ಹೊಳೆದಿರಲಿಲ್ಲ. ಹಿಟ್ಟು ಬರಿಮೈಯಲ್ಲಿ ಉಕ್ಕಿ, ಬಾಗಿಲಿನ ಗಾಳಿಗೆ ಮೇಲ್ಮೈ ಆಗಲೇ ಮಂಕಾಗಿ ಬಿಗಿಯುತ್ತಿತ್ತು. ಐವತ್ತು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಕಾಣದ ನೋಟ. ಸಾರ್ಜೆಂಟಿಗೆ ಅದರಿಂದ ಏನೂ ತಿಳಿಯುತ್ತಿರಲಿಲ್ಲ. ಮರಿಗೆಯ ಮುಂದೆ ಬಾಳು ಕಳೆದ ಹೆಂಗಸಿಗೆ ತಿಳಿಯಲು ಅಷ್ಟು ಸಾಕಾಗಿತ್ತು.

ವೆಲಿಚ್ಕಾ ಹಿಟ್ಟನ್ನು ನೋಡಿದಳು. ಮತ್ತೆ ಕೋಟನ್ನು ನೋಡಿದಳು. ನೆರಿಮಾನ್ ಗೋಡೆಗೆ ಒರಗಿದಳು.

"ಹೊದಿಸಿಲ್ಲ," ಅಂದಳು ವೆಲಿಚ್ಕಾ.

"ಏನದು?" ಅಂದ ಸಾರ್ಜೆಂಟ್, ಕಿಟಕಿಯ ಕಡೆಯಿಂದಲೇ.

"ಹಿಟ್ಟು. ಚಳಿಗೆ ಸಿಪ್ಪೆ ಕಟ್ತದೆ."

ಅವಳು ಗುಂಡಿಯ ಮೇಲಿಂದ ಕೈ ತೆಗೆದಳು. ಮರಿಗೆಯ ಬಳಿ ಹೋಗಿ, ಹೊದ್ದ ಶಾಲನ್ನು ತೆಗೆದು ಎರಡು ಮಡಿಕೆ ಮಾಡಿ, ಹಿಟ್ಟಿನ ಮೇಲೆ ಹೊದಿಸಿದಳು. ಬಗ್ಗಿ ಸುತ್ತಲೂ ಅಂಚು ಒತ್ತಿದಳು. ಅವಸರವಿರಲಿಲ್ಲ. ಎದ್ದು ನಿಂತು, "ನೋಡಿದೆ. ಸರಿಯಿದೆ," ಅಂದಳು.

ನೆರಿಮಾನ್ ಉಸಿರು ಬಿಡುವಷ್ಟರಲ್ಲಿ ಅವಳು ಮೇಜಿನ ಮೇಲೆ ಕಾಗದ ಹರವಿ ಬರೆಯತೊಡಗಿದ್ದಳು. ಶಾಲಿನ ಅಂಚು ಒತ್ತಿದ ಅದೇ ಕೈ. ಹ್ರಿಸ್ತಿನಾ. ಎಪ್ಪತ್ತೊಂದು ವರ್ಷ. ಹೊಗೆಸೊಪ್ಪಿನ ಕೆಲಸಗಾರಳು.

"ಇಲ್ಲಿ ಸಹಿ ಹಾಕು ನೆವೆನಾ."

"ವೆಲಿಚ್ಕಾ," ಅಂದಳು ನೆರಿಮಾನ್, ಅವಳಿಗೆ ಮಾತ್ರ ಕೇಳುವಂತೆ. "ನಿನಗೆ ಅವಳ ಹೆಸರು ಗೊತ್ತು."

"ಸಹಿ ಹಾಕು," ಅಂದಳು ವೆಲಿಚ್ಕಾ. "ಇಷ್ಟು ಮಾಡಿದೀನಲ್ಲ. ಇನ್ನೂ ಕೇಳಬೇಡ."

•

ಗಂಡಸರು ಹೊಳೆಯಾಚೆ ಹೋದರು. ಹೆಂಗಸರು ಹಿಂದೆ ಉಳಿದರು. ಸತ್ತವರ ಮನೆಯಿಂದ ಅದೇ ದಿನ ರೊಟ್ಟಿ ಬೆಂದ ವಾಸನೆ ಏಳಬೇಕು, ದಾರಿಯಲ್ಲಿರುವ ಜೀವಕ್ಕೆ ಮುಟ್ಟುವುದು ಅದೊಂದೇ. ಗುಲ್ಸುಮಜ್ಜಿ ಅಂಗಳದ ಗೂಡೊಲೆಗೆ ಸೌದೆ ಒಡ್ಡಿದಳು. ನೆರಿಮಾನ್ ಶಾಲು ತೆಗೆದಳು. ಅದರ ಎಳೆಗಳಿಗೆ ಹಿಟ್ಟು ಹತ್ತಿತ್ತು. ಹಿಟ್ಟನ್ನು ಇಳಿಸಿ, ಮತ್ತೆ ನಾದಿ, ಹದಿನಾಲ್ಕು ಸಣ್ಣ ರೊಟ್ಟಿ ಮಾಡಿದಳು.

ಶಾಬಾನ್ ಮೊದಲು ವಾಪಸು ಬಂದ. ಹಜಾರದ ಮೆಟ್ಟಿಲ ಮೇಲೆ ಕೂತು ಬೂಟು ಕೆರೆಯತೊಡಗಿದ.

"ಹೇಗಾಯ್ತು?" ಅಂದಳು ನೆರಿಮಾನ್.

"ಆಯ್ತು. ಭಾಷಣ ಓದಿದರು. ಸಮಾಜವಾದಕ್ಕೆ ದುಡಿದ ಕಾಮ್ರೇಡ್ ಹ್ರಿಸ್ತಿನಾ ಅಂತ. ಹಲಗೆ ನೆಟ್ಟರು, ಅದೇ ಹೆಸರು. ನಮ್ಮಲ್ಲಿ ಒಬ್ಬ, ಇದ್ಯಾರು ತೀರಿಕೊಂಡಿದ್ದು ಅಂತ ಮೆಲ್ಲಗೆ ಕೇಳಿದ. ನಾನು ಗೊತ್ತಿಲ್ಲಪ್ಪ, ಈ ಹೆಂಗಸಿನ ಪರಿಚಯ ನಮಗಿಲ್ಲ ಅಂದೆ." ನಗಲು ನೋಡಿದ, ಆಗಲಿಲ್ಲ. "ಮಣ್ಣು ಹಾಕುವಾಗ ಪೆಟ್ಟಿಗೆ ಸ್ವಲ್ಪ ವಾಲಿಸಿದ್ವಿ. ಬಲಗಡೆಗೆ, ನಮಾಜಿನ ದಿಕ್ಕಿಗೆ. ಸಾರ್ಜೆಂಟಿಗೆ ಗೊತ್ತಾಗ್ಲಿಲ್ಲ."

ನೆರಿಮಾನ್ ಒಲೆಗೆ ಕೈ ಹಾಕಿ ಮೊದಲ ರೊಟ್ಟಿ ತೆಗೆದಳು. ತಳ ತಟ್ಟಿ ನೋಡಿದಳು. ಟೊಳ್ಳು ಸದ್ದು, ಬೆಂದಿತ್ತು.

ಸಾರ್ಜೆಂಟ್ ಗೇಟಿನಲ್ಲಿ ನಿಂತ. ಐದು ಜನಕ್ಕಿಂತ ಹೆಚ್ಚು ಸೇರಬಾರದು, ಪ್ರಾರ್ಥನೆ ಆಗಬಾರದು, ತುರ್ಕಿ ಮಾತು ಬರಬಾರದು. ರೊಟ್ಟಿ ಹಂಚಬಾರದೆಂದು ಅವನ ಕಾಗದದಲ್ಲಿ ಎಲ್ಲೂ ಇರಲಿಲ್ಲ. ಜನ ಒಬ್ಬೊಬ್ಬರಾಗಿ ಅಂಗಳಕ್ಕೆ ಬಂದರು. ರೊಟ್ಟಿ ತೆಗೆದುಕೊಳ್ಳುವವರು ಸತ್ತವರ ಹೆಸರು ಹೇಳಿ, ಅವರ ಜೀವಕ್ಕೆ ಮುಟ್ಟಲಿ ಅನ್ನಬೇಕು. ಹೆಸರು ಹೇಳದೆ ಒಯ್ದ ರೊಟ್ಟಿ ಬರೀ ರೊಟ್ಟಿ. ಶಾಬಾನನ ಹೆಂಡತಿ ಎರಡೂ ಕೈಯಲ್ಲಿ ರೊಟ್ಟಿ ಹಿಡಿದು ಗೇಟಿಗೆ ಬೆನ್ನು ಮಾಡಿದಳು. ಅವಳ ತುಟಿ ಮೂರು ಸಲ ಬಿಚ್ಚಿ ಮುಚ್ಚಿತು. ಹುಸ್. ನಿ. ಯೆ. ಸದ್ದಿರಲಿಲ್ಲ. ಅವಳ ಹಿಂದೆ ಬಂದವಳೂ ಹಾಗೇ. ಗಂಡಸರೂ ಹಾಗೇ. ಸಾರ್ಜೆಂಟ್ ಕಿವಿಗೊಟ್ಟು ನಿಂತೇ ಇದ್ದ.

ಕೊನೆಗೆ ವೆಲಿಚ್ಕಾ ಬಂದಳು. ಶಾಲಿಲ್ಲದೆ ಭುಜ ಕುಗ್ಗಿಸಿಕೊಂಡಿದ್ದಳು, ಮೂಗಿನ ತುದಿ ಕೆಂಪಾಗಿತ್ತು.

"ಶಾಲು ತಗೊಂಡು ಹೋಗ್ತೀನಿ," ಅಂದಳು.

"ಒಗೆದು ಕೊಡ್ತೀನಿ. ಹಿಟ್ಟು ಹತ್ತಿದೆ."

"ಪರವಾಗಿಲ್ಲ."

ಗುಲ್ಸುಮಜ್ಜಿ ಶಾಲು ತಂದು ಅವಳ ಭುಜದ ಮೇಲೆ ಹಾಕಿದಳು. ನೆರಿಮಾನ್ ಕೊನೆಯ ರೊಟ್ಟಿಯನ್ನು ಒಲೆಯಿಂದ ತೆಗೆದು ಚಾಚಿದಳು. ವೆಲಿಚ್ಕಾ ತಡೆದು, ಆಮೇಲೆ ಎರಡೂ ಕೈ ನೀಡಿ ಹಿಡಿದಳು. ಅವಳ ಮನೆಯಲ್ಲೂ ಸತ್ತವರ ರೊಟ್ಟಿ ಬೇಡವೆನ್ನುವ ವಾಡಿಕೆಯಿಲ್ಲ.

"ದೇವರು ಅವರಿಗೆ ಒಳ್ಳೇದು ಮಾಡಲಿ," ಅಂದಳು.

ನೆರಿಮಾನ್ ರೊಟ್ಟಿ ಬಿಡಲಿಲ್ಲ.

"ಯಾರಿಗೆ?" ಅಂದಳು.

ಗೇಟಿನಲ್ಲಿ ಸಾರ್ಜೆಂಟ್ ತಿರುಗಿ ನೋಡಿದ. ವೆಲಿಚ್ಕಾಳ ಮುಖ ಅವನಿಗೆ ಪೂರ್ತಿ ಕಾಣುತ್ತಿತ್ತು. ಅವಳು ಮೆಲ್ಲಗೆ ಎಳೆದಳು. ನೆರಿಮಾನಳ ಬೆರಳು ಬಿಡಲಿಲ್ಲ. ಆಗಷ್ಟೇ ಒಲೆಯಿಂದ ಬಂದ ರೊಟ್ಟಿ, ನಾಲ್ಕು ಕೈಗಳನ್ನೂ ಸುಡುತ್ತಿತ್ತು. ಅಂಗಳದಲ್ಲಿದ್ದವರು ತಮ್ಮ ತಮ್ಮ ರೊಟ್ಟಿ ಎದೆಗೊತ್ತಿ ಹಿಡಿದು ನಿಂತರು. ಸಿಪ್ಪೆ ಮಧ್ಯದಲ್ಲಿ ಸಣ್ಣಗೆ ಬಿರಿಯಿತು, ಒಳಗಿನ ಹಬೆ ಇಬ್ಬರ ಮುಖದ ನಡುವೆ ಬೆಳ್ಳಗೆ ಎದ್ದಿತು. ಅದರ ಆಚೆ ವೆಲಿಚ್ಕಾಳ ತುಟಿಗಳು ಸ್ವಲ್ಪ ತೆರೆದಿದ್ದವು.